ತೊಳೆದಷ್ಟೂ ಹೋಗದ ಕೊಳೆ! ಹಾಲಿವುಡ್ಡಿನ ಕುಬೇರನನ್ನು ನುಂಗಿದ ಗೀಳು

ಅದೊಂದು ಪುಟ್ಟ ಥಿಯೇಟರು. ಟಿಕೆಟ್ ಇಲ್ಲ, ಗೇಟ್‌ಕೀಪರ್ ಇಲ್ಲ. ಹಾಲಿವುಡ್ಡಿನ ನಿರ್ಮಾಪಕರು ರೀಲುಗಳನ್ನು ಹಾಕಿಸಿಕೊಂಡು ನೋಡುವ ಖಾಸಗಿ ಕೋಣೆ. 1958ರ ಸುಮಾರಿಗೆ ಆರಡಿಗೂ ಮೀರಿ ಎತ್ತರವಿದ್ದ ಒಬ್ಬ ಮನುಷ್ಯ ಅದರೊಳಗೆ ಹೋಗಿ ಕೂತ. ಕೆಲವು ಪಿಕ್ಚರ್ ನೋಡಬೇಕು ಅಂತ ಹೋದವನು ಎದ್ದು ಬಂದದ್ದು ಯಾವಾಗ ಅಂತೀರಿ? ನಾಲ್ಕು ತಿಂಗಳು ಕಳೆದ ಮೇಲೆ!

ಮ್ಯಾಟಿನಿ, ಫಸ್ಟ್ ಷೋ, ಸೆಕೆಂಡ್ ಷೋ ಮೂರನ್ನೂ ಒಂದೇ ದಿನ ಮುಗಿಸಿ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿ, ಬೆಳಗಿನ ಮೊದಲ ಬಸ್ ಹಿಡಿದ ಮಹಾಶೂರರು ನಮ್ಮ ಓದುಗರಲ್ಲಿ ಬೇಕಾದಷ್ಟಿದ್ದಾರೆ. 'ಭೇಷ್, ಇವನೂ ನಮ್ಮವನೇ!' ಅಂತ ಅವರು ಈಗಾಗಲೇ ಅಂದುಕೊಂಡಿರಬಹುದು. ಸ್ವಲ್ಪ ತಾಳಿ. ಆ ಕೋಣೆಯಲ್ಲಿ ಅವನು ಕೂತದ್ದು ಮೈಮೇಲೆ ಬಟ್ಟೆ ಇಲ್ಲದೆ. ತಿಂದದ್ದು ಚಾಕೊಲೇಟು, ಕುಡಿದದ್ದು ಹಾಲು. ಮೂತ್ರಕ್ಕೂ ಎದ್ದು ಹೋಗದೆ ಬಾಟಲಿಗಳನ್ನು ಇಟ್ಟುಕೊಂಡಿದ್ದ. ಸುತ್ತಲೂ ಟಿಶ್ಯೂ ಕಾಗದದ ಡಬ್ಬಿಗಳು. ಅವನ್ನು ಒಂದರ ಮೇಲೊಂದು ಜೋಡಿಸುವುದು, ತೆಗೆಯುವುದು, ಮತ್ತೆ ಜೋಡಿಸುವುದು... ನೌಕರರು ಅವನ ಕಡೆ ನೋಡುವಂತಿಲ್ಲ. ಅವನಾಗಿ ಮಾತಾಡಿಸದೆ ಬಾಯಿ ತೆರೆಯುವಂತಿಲ್ಲ. ಹುಕುಂಗಳೆಲ್ಲ ಹಳದಿ ಕಾಗದದ ಮೇಲೆ ಬರವಣಿಗೆಯಲ್ಲಿ!

ಯಾರೀತ? ಅಮೆರಿಕದ ಮಹಾಶ್ರೀಮಂತರಲ್ಲಿ ಒಬ್ಬ. ನಿರ್ಮಾಪಕ, ನಿರ್ದೇಶಕ, ಸ್ಟುಡಿಯೋ ಮಾಲೀಕ, ವಿಮಾನದ ಸಾಹಸಿ. ಹೆಸರು ಹೋವರ್ಡ್ ಹ್ಯೂಸ್. ಅವನಿಗೆ ಹಿಡಿದಿದ್ದು ಸಿನಿಮಾ ಹುಚ್ಚಲ್ಲ, ಬೇರೆಯೇ ಒಂದು. ನಮ್ಮ ಕನ್ನಡದಲ್ಲಿ ಅದಕ್ಕೆ ಚಂದದ ಒಂದು ಪುಟ್ಟ ಮಾತಿದೆ: ಗೀಳು.

ಮೋಡಕ್ಕಾಗಿ ಕಾದ ನಿರ್ಮಾಪಕ

ಹ್ಯೂಸ್ ಹುಟ್ಟಿದ್ದು 1905ರಲ್ಲಿ, ಟೆಕ್ಸಾಸ್ ಸೀಮೆಯಲ್ಲಿ. ಅಪ್ಪ ಎಣ್ಣೆಬಾವಿ ಕೊರೆಯುವ ಉಪಕರಣ ಮಾಡಿ ಕೋಟಿ ಕೋಟಿ ಗಳಿಸಿದ. ಅಮ್ಮನಿಗೋ ಒಬ್ಬನೇ ಮಗ, ಅವನಿಗೆ ಎಲ್ಲಿ ರೋಗ ತಗಲುತ್ತದೋ ಎಂಬ ಭಯ. ದಿನವೂ ಹುಡುಗನ ಮೈಕೈ ಪರೀಕ್ಷೆ. ಹದಿಹರೆಯದಲ್ಲೇ ಮೊದಲು ತಾಯಿ, ಎರಡು ವರ್ಷದಲ್ಲಿ ತಂದೆ, ಇಬ್ಬರೂ ಹೋದರು. ಮೀಸೆ ಸರಿಯಾಗಿ ಮೂಡುವ ಮೊದಲೇ ಇಡೀ ಕಂಪನಿ ಕೈಗೆ ಬಂತು. ಕೈಯಲ್ಲಿ ದುಡ್ಡು, ತಲೆಯಲ್ಲಿ ಸಿನಿಮಾ, ಜೊತೆಗೆ ವಿಮಾನ. ಇನ್ನೇನು ಬೇಕು?

'ಹೆಲ್ಸ್ ಏಂಜೆಲ್ಸ್' ಅಂತ ಒಂದು ಯುದ್ಧವಿಮಾನಗಳ ಚಿತ್ರ ಶುರು ಮಾಡಿದ, 1927ರಲ್ಲಿ. ಬಿಡುಗಡೆಯಾದದ್ದು 1930ರಲ್ಲಿ. ಯಾಕೆ ಅಷ್ಟು ತಡ? ಆಕಾಶದ ಕಾಳಗಕ್ಕೆ ಹಿಂದುಗಡೆ ಬಿಳಿ ಮೋಡ ಬೇಕು ಅಂತ ಹಟ ಹಿಡಿದು ಕೂತ. ಮೋಡ ಇಲ್ಲದಿದ್ದರೆ ವಿಮಾನದ ವೇಗ ಪರದೆಯ ಮೇಲೆ ತಿಳಿಯುವುದೇ ಇಲ್ಲ ಎಂಬುದು ಅವನ ವಾದ. ಅದು ಸರಿಯಾದ ಮಾತೇ! ಆದರೆ ಮೋಡ ಬರಲಿಲ್ಲ. ವಿಮಾನಗಳು, ಪೈಲಟ್‌ಗಳು, ಕ್ಯಾಮೆರಾದವರು ಎಲ್ಲರೂ ಸಂಬಳ ತಗೊಂಡು ಆಕಾಶ ನೋಡುತ್ತಾ ಕೂತರು. ಅಷ್ಟರಲ್ಲಿ ಟಾಕಿ ಬಂತು. ಮೂಕಿಯಾಗಿ ತೆಗೆದಿದ್ದ ಚಿತ್ರಕ್ಕೆ ಮತ್ತೆ ಮಾತು ಸೇರಿಸಲು ಹೊರಟ. ನಾಯಕಿಯ ಉಚ್ಚಾರ ನಾರ್ವೆಯದು ಅಂತ ಅವಳನ್ನು ಬಿಟ್ಟು ಜೀನ್ ಹಾರ್ಲೋ ಎಂಬ ಹೊಸ ಹುಡುಗಿಯನ್ನು ತಂದ. ಅವಳು ರಾತ್ರೋರಾತ್ರಿ ತಾರೆಯಾದಳು. ಷೂಟಿಂಗ್‌ನಲ್ಲಿ ಪ್ರಾಣ ಕಳಕೊಂಡವರೂ ಇದ್ದರು. ಹ್ಯೂಸ್ ತಾನೇ ಒಂದು ವಿಮಾನ ಹಾರಿಸಲು ಹೋಗಿ ಬಿದ್ದು ಪೆಟ್ಟು ಮಾಡಿಕೊಂಡ.

ಮುಂದೆ 'ಸ್ಕಾರ್‌ಫೇಸ್' (1932), 'ದಿ ಔಟ್‌ಲಾ' (1943). ಈ ಎರಡನೇ ಚಿತ್ರದ ನಾಯಕಿ ಜೇನ್ ರಸೆಲ್‌ಗಾಗಿ ವಿಮಾನದ ಇಂಜಿನಿಯರಿಂಗ್ ಬುದ್ಧಿಯನ್ನೇ ಉಪಯೋಗಿಸಿ ಒಂದು ವಿಶೇಷ ಒಳ ಉಡುಪು ತಯಾರಿಸಿದ ಕಥೆ ಹಾಲಿವುಡ್ಡಿನಲ್ಲಿ ಇವತ್ತಿಗೂ ಪ್ರಸಿದ್ಧ. ತಮಾಷೆ ಏನು ಗೊತ್ತೆ? ಅದು ಮೈ ಕಚ್ಚುತ್ತಿತ್ತು, ನಾನು ಹಾಕಿಕೊಳ್ಳಲೇ ಇಲ್ಲ ಅಂತ ರಸೆಲ್ ಮುಂದೆ ಆತ್ಮಕಥೆಯಲ್ಲಿ ಬರೆದಳು!

1938ರಲ್ಲಿ ವಿಮಾನದಲ್ಲಿ 91 ಗಂಟೆಯಲ್ಲಿ ಭೂಮಿಯನ್ನು ಸುತ್ತಿ ಬಂದು ದಾಖಲೆ ಮಾಡಿದ. ನ್ಯೂಯಾರ್ಕ್ ಬೀದಿಯಲ್ಲಿ ಮೆರವಣಿಗೆ. 1946ರಲ್ಲಿ ಹೊಸ ವಿಮಾನ ಪರೀಕ್ಷಿಸುವಾಗ ಬೆವರ್ಲಿ ಹಿಲ್ಸ್‌ನ ಮನೆಗಳ ಮೇಲೆ ಬಿದ್ದು ಬದುಕಿ ಉಳಿದದ್ದೇ ಪವಾಡ. ಆ ನೋವಿಗೆ ಹಿಡಿದ ಕೊಡೀನ್ ಮದ್ದು ಸಾಯುವವರೆಗೂ ಬಿಡಲಿಲ್ಲ. 1948ರಲ್ಲಿ ಆರ್‌ಕೆಓ ಸ್ಟುಡಿಯೋವನ್ನು ವಶಕ್ಕೆ ತೆಗೆದುಕೊಂಡ, 1955ರಲ್ಲಿ ಮಾರಿದ. ಹೊರಗೆ ನೋಡುವವರಿಗೆ ಹೀರೋ. ಒಳಗೆ?

ಒಳಗೆ ಕ್ರಿಮಿ ಭಯ. ಹಣ್ಣಿನ ಡಬ್ಬಿ ಒಂದನ್ನು ತೆರೆಯುವುದು ಹೇಗೆ ಅಂತ ನೌಕರರಿಗೆ ಪುಟಗಟ್ಟಲೆ ಆಜ್ಞಾಪತ್ರ ಬರೆಸಿದ. ಒಂಬತ್ತು ಹಂತ! ಮೇಜು ಸಿದ್ಧಮಾಡುವುದು ಒಂದು ಹಂತ, ಡಬ್ಬಿ ತೊಳೆಯುವುದು ಒಂದು, ಒರೆಸುವುದು ಒಂದು, ಕೈ ತೊಳೆಯುವುದು ಇನ್ನೊಂದು... ಬಾಗಿಲಿನ ಹಿಡಿ ಮುಟ್ಟಬೇಕಾದರೆ ನಡುವೆ ಟಿಶ್ಯೂ ಕಾಗದ, ಒಂದಲ್ಲ, ಹಲವು. ಕೆಲಸದವರು ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಸಂಬಳ ಕೈತುಂಬ ಬರುತ್ತಿತ್ತಲ್ಲ!

ಕ್ರೇಜ್ ಬೇರೆ, ಗೀಳು ಬೇರೆ

ಈಗ ನಮ್ಮ ವಿಷಯಕ್ಕೆ ಬರೋಣ. 'ಅವನಿಗೆ ಸಿನಿಮಾ ಹುಚ್ಚು', 'ಇವನಿಗೆ ಕ್ರಿಕೆಟ್ ಮೇನಿಯಾ' ಅಂತ ನಾವು ದಿನಾ ಮಾತಾಡ್ತೀವಿ. ನೆಚ್ಚಿನ ನಟನ ಚಿತ್ರವನ್ನು ಇಪ್ಪತ್ತೈದು ಸಲ ನೋಡಿದವನು, ಕಟೌಟಿಗೆ ಹಾಲೆರೆದವನು, ಪ್ರತಿ ಟಿಕೆಟ್ಟಿನ ಚೂರನ್ನೂ ಪುಸ್ತಕದಲ್ಲಿ ಅಂಟಿಸಿಟ್ಟವನು... ಇವರೆಲ್ಲ ರೋಗಿಗಳೇ? ಖಂಡಿತ ಅಲ್ಲ. ಮನೆಯಲ್ಲಿ ಬೈಗುಳ ತಿನ್ನಬಹುದು, ಪರೀಕ್ಷೆಯಲ್ಲಿ ನಪಾಸಾಗಬಹುದು. ಡಾಕ್ಟರ ಹತ್ತಿರ ಹೋಗಬೇಕಾದ್ದಿಲ್ಲ. ಯಾಕೆಂದರೆ ಅವನಿಗೆ ಅದರಲ್ಲಿ ಖುಷಿ ಇದೆ. ಇಪ್ಪತ್ತಾರನೇ ಸಲ ಟಿಕೆಟ್ ಸಿಗದಿದ್ದರೆ ಬೇಜಾರು ಮಾಡಿಕೊಂಡು, ಎದುರಿನ ಹೋಟೆಲಿನಲ್ಲಿ ಒಂದು ಬೈಟು ಕಾಫಿ ಕುಡಿದು ಮನೆಗೆ ಹೋಗುತ್ತಾನೆ.

ಗೀಳಿನಲ್ಲಿ ಖುಷಿಯ ಮಾತೇ ಇಲ್ಲ. ಅಲ್ಲಿರುವುದು ಭಯ. ಮೊದಲು ಒಂದು ಯೋಚನೆ ಕರೆಯದೆ ಬರುತ್ತದೆ: 'ಕೈ ಗಲೀಜಾಗಿದೆ', 'ಗ್ಯಾಸ್ ಆಫ್ ಮಾಡಿಲ್ಲ', 'ಬೀಗ ಸರಿಯಾಗಿ ಬಿದ್ದಿಲ್ಲ'. ಎದೆ ಹೊಡೆದುಕೊಳ್ಳುತ್ತದೆ. ಎದ್ದು ಹೋಗಿ ಕೈ ತೊಳೆಯುತ್ತಾನೆ. ಒಂದು ನಿಮಿಷ ಸಮಾಧಾನ. ಮತ್ತೆ ಅದೇ ಯೋಚನೆ. ಮತ್ತೆ ಕೊಳಾಯಿ. ಚರ್ಮ ಸುಲಿದು ರಕ್ತ ಬಂದರೂ ಕೈ ಶುದ್ಧವಾಯಿತು ಅನ್ನಿಸುವುದಿಲ್ಲ. ಇದು ಅತಿ ಅಂತ ಹೆಚ್ಚಿನವರಿಗೆ ಗೊತ್ತು! ಗೊತ್ತಿದ್ದೂ ಬಿಡಲಾಗದು. ಡಾಕ್ಟರುಗಳು ಇದನ್ನು ಓಸಿಡಿ ಅಂತಾರೆ. ಕನ್ನಡದಲ್ಲಿ ಗೀಳು ಕಾಯಿಲೆ. ನೂರು ಜನರಲ್ಲಿ ಇಬ್ಬರು ಮೂವರಿಗೆ ಬದುಕಿನಲ್ಲಿ ಒಂದಲ್ಲ ಒಂದು ಕಾಲಕ್ಕೆ ಬರುವಂಥದ್ದು. ಶುರುವಾಗುವುದು ಸಾಮಾನ್ಯವಾಗಿ ಹದಿಹರೆಯದಲ್ಲಿ, ಇಲ್ಲವೇ ಇಪ್ಪತ್ತರ ಆಸುಪಾಸಿನಲ್ಲಿ. ಅಂದರೆ ಈ ಪತ್ರಿಕೆ ಓದುವವರ ವಯಸ್ಸಿನಲ್ಲೇ.

'ನಮ್ಮಜ್ಜಿಯೂ ಹೀಗೇ ಮಡಿ ಮಡಿ ಅಂತ ಹಾರಾಡ್ತಿದ್ದಳು' ಅಂತ ನೀವು ಹೇಳಬಹುದು. ಇಲ್ಲೊಂದು ಸೂಕ್ಷ್ಮ ಇದೆ. ಅಜ್ಜಿಯ ಮಡಿಗೆ ಲೆಕ್ಕ ಇತ್ತು. ಸ್ನಾನ ಆಯಿತು, ಮಡಿ ಸೀರೆ ಉಟ್ಟಾಯಿತು, ಅಲ್ಲಿಗೆ ಮುಗಿಯಿತು. ನೆಮ್ಮದಿಯಾಗಿ ಒಲೆ ಮುಂದೆ ಕೂತಳು. ಗೀಳಿನವರಿಗೆ ಆ 'ಮುಗಿಯಿತು' ಎಂಬುದೇ ಬರುವುದಿಲ್ಲ. ಕೆಲವು ಮನೆಗಳಲ್ಲಿ ಮಡಿಯ ಹೆಸರಿನಲ್ಲಿ ಗೀಳು ವರ್ಷಾನುಗಟ್ಟಲೆ ಅಡಗಿ ಕೂತಿರುವುದೂ ಉಂಟು. 'ತುಂಬಾ ಆಚಾರವಂತರು' ಅಂತ ಊರೆಲ್ಲ ಹೊಗಳುತ್ತದೆ. ಒಳಗೆ ಆ ಹೆಂಗಸು ಬೆಳಗಿನ ನಾಲ್ಕು ಗಂಟೆಯಿಂದ ಬಚ್ಚಲಲ್ಲಿ ಅಳುತ್ತಿರುತ್ತಾಳೆ.

ಈ ಕಾಯಿಲೆಯನ್ನು ಬೆಳ್ಳಿತೆರೆಯಲ್ಲಿ ನೋಡಬೇಕಾದರೆ 'ಆ್ಯಸ್ ಗುಡ್ ಆ್ಯಸ್ ಇಟ್ ಗೆಟ್ಸ್' (1997) ನೋಡಿ. ಜ್ಯಾಕ್ ನಿಕಲ್ಸನ್ ಫುಟ್‌ಪಾತಿನ ಗೆರೆ ತುಳಿಯದ ಹಾಗೆ ಜಿಗಿದು ಜಿಗಿದು ನಡೆಯುತ್ತಾನೆ, ಹೋಟೆಲಿಗೆ ತನ್ನದೇ ಚಮಚ ಒಯ್ಯುತ್ತಾನೆ. ನಿಕಲ್ಸನ್ ಮತ್ತು ನಾಯಕಿ ಹೆಲೆನ್ ಹಂಟ್ ಇಬ್ಬರಿಗೂ ಆಸ್ಕರ್ ಬಂತು. ನಗುತ್ತಾ ನೋಡುವ ಚಿತ್ರ. ನಿಜಜೀವನದಲ್ಲಿ ನಗುವವರು ಪಕ್ಕದ ಮನೆಯವರು ಮಾತ್ರ.

ಕದಿಯುವ ಕೈ, ಕೂದಲು ಕೀಳುವ ಕೈ

ಮೇನಿಯಾ ಎಂಬ ಬಾಲ ಹಚ್ಚಿ ಕಾಯಿಲೆಗಳಿಗೆ ಹೆಸರಿಡುವ ಚಾಳಿ ಶುರುವಾದದ್ದು ಹತ್ತೊಂಬತ್ತನೇ ಶತಮಾನದ ಯೂರೋಪಿನಲ್ಲಿ. ಪ್ಯಾರಿಸ್ಸಿನ ಎಸ್ಕಿರೋಲ್ ಎಂಬ ವೈದ್ಯ ಒಂದು ಸಂಗತಿ ಗಮನಿಸಿದ. ಉಳಿದೆಲ್ಲದರಲ್ಲೂ ಸರಿಯಾಗಿಯೇ ಇರುವ ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಾತ್ರ ಹಿಡಿತ ತಪ್ಪಬಹುದು. ಅದಕ್ಕೆ 'ಮೊನೊಮೇನಿಯಾ' ಎಂದ. ಅಲ್ಲಿಂದ ಶುರು ನೋಡಿ ಮೆರವಣಿಗೆ! ಕದಿಯುವ ಚಟಕ್ಕೆ ಕ್ಲೆಪ್ಟೋಮೇನಿಯಾ, ಬೆಂಕಿ ಹಚ್ಚುವ ಚಟಕ್ಕೆ ಪೈರೋಮೇನಿಯಾ, ತನ್ನ ಕೂದಲನ್ನು ತಾನೇ ಕೀಳುವುದಕ್ಕೆ 1889ರಲ್ಲಿ ಒಬ್ಬ ಫ್ರೆಂಚ್ ಚರ್ಮವೈದ್ಯ ಇಟ್ಟ ನಾಲಗೆ ಹೊರಳದ ಹೆಸರು: ಟ್ರೈಕೋಟಿಲೋಮೇನಿಯಾ!

ಬೆಂಕಿ ಹಚ್ಚುವವರಲ್ಲಿ ನಿಜವಾದ ಪೈರೋಮೇನಿಯಾದವರು ಅಪರೂಪ. ಹೆಚ್ಚಿನವರು ಇನ್ಶೂರೆನ್ಸ್ ದುಡ್ಡಿಗೋ ಹಗೆಗೋ ಹಚ್ಚುವವರು. ಅವರನ್ನು ಪೊಲೀಸರಿಗೆ ಬಿಡೋಣ.

ಕದಿಯುವುದು ಮಾತ್ರ ವಿಚಿತ್ರ. ಹಸಿದವನು ಬ್ರೆಡ್ ಕದ್ದರೆ ಅರ್ಥವಾಗುತ್ತದೆ. ಕೈತುಂಬ ದುಡ್ಡಿದ್ದವರು ಅಂಗಡಿಯಲ್ಲಿ ಎರಡು ರೂಪಾಯಿಯ ಪೆನ್ನು, ಬೇಡದ ಬಾಚಣಿಗೆ ಎತ್ತಿ ಜೇಬಿಗೆ ಹಾಕಿದರೆ? ಕ್ಲೆಪ್ಟೋಮೇನಿಯಾದ ಗುರುತೇ ಅದು. ವಸ್ತು ಬೇಕಾಗಿಲ್ಲ. ಎತ್ತುವ ಮೊದಲು ಮೈಯೆಲ್ಲ ಬಿಗಿ, ಎತ್ತಿದಾಕ್ಷಣ ಒಂದು ಬಿಡುಗಡೆ, ಮನೆಗೆ ಬಂದ ಮೇಲೆ ನಾಚಿಕೆ. ಮುಂದಿನ ವಾರ ಮತ್ತೆ. ಹಿಚ್‌ಕಾಕ್ ಮಹಾಶಯ ಇದರ ಸುತ್ತ 'ಮಾರ್ನಿ' (1964) ತೆಗೆದ. ಟಿಪ್ಪಿ ಹೆಡ್ರೆನ್ ಆಫೀಸಿನ ತಿಜೋರಿ ದೋಚಿ, ಕೂದಲ ಬಣ್ಣ ಬದಲಿಸಿ, ಊರು ಬಿಟ್ಟು ಹೋಗುವ ಚೆಲುವೆ. ಜೇಮ್ಸ್ ಬಾಂಡ್ ಖ್ಯಾತಿಯ ಷಾನ್ ಕಾನರಿ ಅವಳನ್ನು ಹಿಡಿದು, ಮದುವೆಯಾಗಿ, 'ಗುಣಪಡಿಸುವ' ನಾಯಕ. ಚಿತ್ರ ನೋಡಲು ರೋಮಾಂಚಕ, ನಿಜ. ಆದರೆ ಪ್ಲಾನು ಹಾಕಿ ನೋಟಿನ ಕಂತೆ ಎತ್ತುವವಳನ್ನು ಯಾವ ಡಾಕ್ಟರೂ ಅಷ್ಟು ಸುಲಭವಾಗಿ ಕ್ಲೆಪ್ಟೋಮೇನಿಯಾ ಅನ್ನುವುದಿಲ್ಲ. ಇನ್ನು ಕ್ಲೈಮ್ಯಾಕ್ಸಿನಲ್ಲಿ ಬಾಲ್ಯದ ಫ್ಲ್ಯಾಷ್‌ಬ್ಯಾಕ್ ಬಂತು, ನಾಯಕಿ ಅತ್ತಳು, ಕಾಯಿಲೆ ಹೋಯಿತು! ಈ ಫಾರ್ಮುಲಾ ಹಾಲಿವುಡ್ಡಿನಿಂದ ಗಾಂಧಿನಗರದವರೆಗೆ ಎಲ್ಲರಿಗೂ ಪ್ರಿಯ. ಆಸ್ಪತ್ರೆಯಲ್ಲಿ ಮಾತ್ರ ನಡೆಯುವುದಿಲ್ಲ.

ಕೂದಲು ಕೀಳುವುದರ ಬಗ್ಗೆ ಸಿನಿಮಾದವರು ಅಷ್ಟಾಗಿ ತಲೆಕೆಡಿಸಿಕೊಂಡಿಲ್ಲ. ಪುಸ್ತಕ ಓದುತ್ತಾ, ಟಿ.ವಿ. ನೋಡುತ್ತಾ ತಮಗೇ ಅರಿವಿಲ್ಲದೆ ಒಂದೊಂದೇ ಕೂದಲು ಎಳೆದು ತಲೆಯಲ್ಲಿ ಬೋಳು ಮಚ್ಚೆ ಮಾಡಿಕೊಂಡು, ಅದನ್ನು ಮುಚ್ಚಲು ಬಿಸಿಲಲ್ಲೂ ಟೋಪಿ ಹಾಕುವವರಿದ್ದಾರೆ. ಇದನ್ನು ಇವತ್ತು ಗೀಳಿನ ಬಳಗಕ್ಕೇ ಸೇರಿಸಿದ್ದಾರೆ.

ಉನ್ಮಾದದ ರಾಣಿ

ಹಾಂ, ಮರೆತಿದ್ದೆ. ಇಷ್ಟೆಲ್ಲ ಮೇನಿಯಾ ಮೇನಿಯಾ ಅಂದೆವಲ್ಲ, ವೈದ್ಯರ ಬಾಯಲ್ಲಿ ಬರಿಯ 'ಮೇನಿಯಾ' ಅಂದರೆ ಇದ್ಯಾವುದೂ ಅಲ್ಲ! ಅದು ಉನ್ಮಾದ. ನಿದ್ದೆ ಬೇಕಾಗುವುದಿಲ್ಲ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಾಗುತ್ತದೆ, ನಾನೇ ಲೋಕದ ರಾಜ ಅನ್ನಿಸುತ್ತದೆ. ಒಂದು ವಾರವೋ ಅದಕ್ಕಿಂತ ಹೆಚ್ಚೋ ಹೀಗೆ. ಆಮೇಲೆ ಪಾತಾಳಕ್ಕಿಳಿದ ಹಾಗೆ ಖಿನ್ನತೆ. ಎರಡೂ ಸರದಿಯ ಮೇಲೆ ಬರುವುದಕ್ಕೆ ಈಗ ಬೈಪೋಲಾರ್ ಎನ್ನುತ್ತಾರೆ. ಧನುಷ್‌ನ '3' (2012) ನೋಡಿದವರಿಗೆ ನೆನಪಿರಬೇಕು. ಹಾಡು ನೆನಪಿಟ್ಟು ಕಥೆ ಮರೆತವರೇ ಜಾಸ್ತಿ, ಬಿಡಿ.

'ಗಾನ್ ವಿತ್ ದಿ ವಿಂಡ್' (1939) ಚಿತ್ರದ ಚೆಲುವೆ ವಿವಿಯನ್ ಲೀ ಈ ಕಾಯಿಲೆಯಿಂದ ನರಳಿದವಳು. 1953ರಲ್ಲಿ 'ಎಲಿಫೆಂಟ್ ವಾಕ್' ಷೂಟಿಂಗಿಗೆ ಸಿಲೋನಿಗೆ ಬಂದಿದ್ದಳು. ಅಲ್ಲೇ ಕಾಯಿಲೆ ಕೆರಳಿತು. ಅವಳನ್ನು ವಾಪಸು ಕಳಿಸಿ ಎಲಿಜಬೆತ್ ಟೇಲರ್‌ಳನ್ನು ಹಾಕಿಕೊಂಡರು. ಆ ಚಿತ್ರದ ಕೆಲವು ದೂರದ ಷಾಟ್‌ಗಳಲ್ಲಿ ಇವತ್ತಿಗೂ ಕಾಣುವುದು ಟೇಲರ್ ಅಲ್ಲ, ವಿವಿಯನ್ ಲೀ! ಉನ್ಮಾದಕ್ಕೆ ಲಿಥಿಯಂ ಉಪಯೋಗಕ್ಕೆ ಬರುತ್ತದೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ 1949ರಲ್ಲೇ ಬರೆದಿದ್ದ. ಅದು ಎಲ್ಲೆಡೆ ಬಳಕೆಗೆ ಬರುವಷ್ಟರಲ್ಲಿ ವರ್ಷಗಳು ಉರುಳಿದವು. ಲೀ 1967ರಲ್ಲಿ ತೀರಿಕೊಂಡಳು.

'ಅವಳು ನನ್ನನ್ನೇ ನೋಡಿದಳು!'

ಸಿನಿಮಾ ಅಭಿಮಾನಿಗಳು ಕಿವಿಗೊಟ್ಟು ಕೇಳಬೇಕಾದ ಭಾಗ ಇದು.

ಪ್ಯಾರಿಸ್ಸಿನಲ್ಲಿ ಕ್ಲೆರಾಂಬೋ ಎಂಬ ಪೊಲೀಸ್ ಇಲಾಖೆಯ ಮನೋವೈದ್ಯ ಇದ್ದ. 1921ರಲ್ಲಿ ಅವನು ವರ್ಣಿಸಿದ ಒಂದು ಪ್ರಕರಣ ಪ್ರಸಿದ್ಧ. 53 ವರ್ಷದ ಫ್ರೆಂಚ್ ಹೆಂಗಸು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ತನ್ನನ್ನು ಪ್ರೀತಿಸುತ್ತಿದ್ದಾನೆ ಅಂತ ಅವಳ ನಂಬಿಕೆ. ಲಂಡನ್ನಿಗೆ ಹೋಗಿ ಬಕಿಂಗ್‌ಹ್ಯಾಮ್ ಅರಮನೆ ಎದುರು ನಿಲ್ಲುತ್ತಿದ್ದಳು. ಕಿಟಕಿಯ ಪರದೆ ಅಲುಗಿತೋ, 'ನೋಡಿ, ನನಗೇ ಸನ್ನೆ ಮಾಡಿದ!' ಇದು ಎರೋಟೋಮೇನಿಯಾ. ಎದುರಿನವರು ತನ್ನನ್ನು ಪ್ರೀತಿಸುತ್ತಿದ್ದಾರೆ ಎಂಬ ಅಲುಗಾಡದ ಭ್ರಮೆ. ಇಲ್ಲ ಎಂದರೂ ಹೌದು ಅಂತಲೇ ಅರ್ಥ, ಬಾಗಿಲು ಹಾಕಿದರೆ 'ಪರೀಕ್ಷೆ ಮಾಡ್ತಿದಾಳೆ' ಅಂತ ಅರ್ಥ. ಕೈ ತೊಳೆಯುವವನಿಗೆ ತನ್ನದು ಅತಿಯೆಂದು ಗೊತ್ತು; ಇವರಿಗೆ ಗೊತ್ತಿಲ್ಲ.

ಭ್ರಮೆ ಇಲ್ಲದೆಯೂ ಹಿಂದೆ ಬೀಳುವವರಿದ್ದಾರೆ. ಅಮೆರಿಕದ ಜಾನ್ ಹಿಂಕ್ಲಿ 'ಟ್ಯಾಕ್ಸಿ ಡ್ರೈವರ್' (1976) ಚಿತ್ರವನ್ನು ಮತ್ತೆ ಮತ್ತೆ ನೋಡಿದ. ಅದರಲ್ಲಿ ರಾಬರ್ಟ್ ಡಿ ನೀರೋ ಒಬ್ಬ ರಾಜಕಾರಣಿಯನ್ನು ಕೊಲ್ಲಲು ಹೊರಡುವ ಒಂಟಿ ಮನುಷ್ಯ. ಪುಟ್ಟ ಹುಡುಗಿಯ ಪಾತ್ರದಲ್ಲಿ ಜೋಡಿ ಫಾಸ್ಟರ್. ಮುಂದೆ ಅವಳು ಯೇಲ್ ವಿಶ್ವವಿದ್ಯಾನಿಲಯ ಸೇರಿದಾಗ ಹಿಂಕ್ಲಿ ಅಲ್ಲಿಗೂ ಹೋದ. ಬಾಗಿಲ ಸಂದಿಯಲ್ಲಿ ಕಾಗದ, ಫೋನಿನ ಮೇಲೆ ಫೋನು. ಅವಳು ಒಲಿಯಲಿಲ್ಲ, ಅದು ಅವನಿಗೂ ತಿಳಿದಿತ್ತು. ಆದರೂ ಅವಳ ಗಮನ ಸೆಳೆಯಲೇಬೇಕು ಅಂತ 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನ ಹೋಟೆಲೊಂದರ ಹೊರಗೆ ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ಗುಂಡು ಹಾರಿಸಿದ. ರೇಗನ್ ಬದುಕಿದ. ಅವನ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಜೀವನವಿಡೀ ಗಾಲಿಕುರ್ಚಿಗೆ ಬಿದ್ದ. ಆ ರಾತ್ರಿ ಆಸ್ಕರ್ ಸಮಾರಂಭ ಇತ್ತು, ಒಂದು ದಿನ ಮುಂದೂಡಿದರು. ಮಾರನೇ ರಾತ್ರಿ ಶ್ರೇಷ್ಠ ನಟ ಪ್ರಶಸ್ತಿ ಯಾರಿಗೆ ಬಂತು ಗೊತ್ತೇ? 'ರೇಜಿಂಗ್ ಬುಲ್' ಚಿತ್ರಕ್ಕಾಗಿ ಅದೇ ರಾಬರ್ಟ್ ಡಿ ನೀರೋಗೆ! ಹಿಂಕ್ಲಿ ಮಾನಸಿಕ ಅಸ್ವಸ್ಥ ಅಂತ 1982ರಲ್ಲಿ ಕೋರ್ಟು ತೀರ್ಪು ಕೊಟ್ಟು ಆಸ್ಪತ್ರೆಗೆ ಕಳಿಸಿತು. ಪೂರ್ತಿ ಬಿಡುಗಡೆಯಾದದ್ದು 2022ರಲ್ಲಿ.

ನಮ್ಮಲ್ಲಿ? 'ಡರ್' (1993) ಚಿತ್ರದಲ್ಲಿ ಷಾರುಖ್ ಖಾನ್ ಹುಡುಗಿಯ ಹಿಂದೆ ಬಿದ್ದು ಕಾಡಿದಾಗ ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ಹೀರೋ ಸನ್ನಿ ದೇವಲ್‌ಗಲ್ಲ. ಅದರ ಕನ್ನಡ ರೂಪ 'ಪ್ರೀತ್ಸೆ' (2000). ಶಿವರಾಜ್‌ಕುಮಾರ್ ಹೀರೋ, ಕಾಡುವ ಪಾತ್ರ ಉಪೇಂದ್ರರದು. ಪಾತ್ರ ನೋಡಿ ಚಪ್ಪಾಳೆ ಹೊಡೆಯಿರಿ, ಯಾರು ಬೇಡ ಅಂದರು? ಆದರೆ ಹುಡುಗಿಯ ಕಡೆಯಿಂದ ಅದೇ ಕಥೆಯನ್ನು ಒಮ್ಮೆ ನೋಡಿ. ಅವಳಿಗೆ ಅದು ಪ್ರೇಮಕಥೆಯಲ್ಲ, ಭೂತದ ಸಿನಿಮಾ.

'ಆಯ್ತು ಸಾರ್' ಎಂದವರು

ಈಗ ಮತ್ತೆ ಹ್ಯೂಸ್. 1966ರಲ್ಲಿ ಲಾಸ್ ವೇಗಸ್‌ನ ಡೆಸರ್ಟ್ ಇನ್ ಹೋಟೆಲಿನ ಮೇಲಂತಸ್ತು ಹಿಡಿದು ಕೂತ. ಕಿಟಕಿಗೆ ಪರದೆ, ಒಳಗೆ ಕತ್ತಲೆ. ರೂಮು ಖಾಲಿ ಮಾಡಿ ಅಂದರು ಹೋಟೆಲಿನವರು. ಹೋಟೆಲನ್ನೇ ಕೊಂಡುಬಿಟ್ಟ! ರಾತ್ರಿ ತನಗೆ ಬೇಕಾದ ಹಳೇ ಸಿನಿಮಾ ಬರಲಿ ಅಂತ ಊರಿನ ಟಿ.ವಿ. ಕೇಂದ್ರವನ್ನೂ ಕೊಂಡ. ಕೇಳಿದರೆ ಯಾವುದೋ ಮಹಾರಾಜನ ದರ್ಬಾರಿನ ಕಥೆ ಅನ್ನಿಸುತ್ತದೆ. ಆದರೆ ಆ ಮಹಾರಾಜ ಸ್ನಾನ ಮಾಡುತ್ತಿರಲಿಲ್ಲ, ಉಗುರು ಕತ್ತರಿಸಿಕೊಳ್ಳುತ್ತಿರಲಿಲ್ಲ. ಕ್ರಿಮಿಗೆ ಹೆದರಿದವನ ಮೈ ಹೊಲಸು! ಯಾಕೆ? ಕೊಳೆಯೆಲ್ಲ ಹೊರಗಿನಿಂದ, ಬೇರೆಯವರಿಂದ ಬರುತ್ತದೆ ಎಂಬುದು ಅವನ ಭಯ. ತನ್ನದು ಲೆಕ್ಕಕ್ಕಿಲ್ಲ. ಇದನ್ನು ಶುಚಿತ್ವದ ಕಾಯಿಲೆ ಅಂದುಕೊಂಡವರು ಇಲ್ಲೇ ಎಡವುವುದು.

1976ರ ಏಪ್ರಿಲ್ 5ರಂದು ಮೆಕ್ಸಿಕೋದಿಂದ ಹ್ಯೂಸ್ಟನ್‌ಗೆ ಒಯ್ಯುತ್ತಿದ್ದಾಗ ವಿಮಾನದಲ್ಲೇ ಪ್ರಾಣ ಹೋಯಿತು. ವಿಮಾನವೇ ಉಸಿರಾಗಿದ್ದವನು! ಆರಡಿ ಮೀರಿದ ದೇಹದ ತೂಕ ಸುಮಾರು 42 ಕಿಲೋ. ಗುರುತು ಹಿಡಿಯಲು ಬೆರಳಚ್ಚು ತೆಗೆಯಬೇಕಾಯಿತು. ಎಕ್ಸ್‌ರೇಯಲ್ಲಿ ತೋಳಿನೊಳಗೆ ಮುರಿದ ಇಂಜೆಕ್ಷನ್ ಸೂಜಿಯ ಚೂರುಗಳು ಕಂಡವು. ಮೂತ್ರಪಿಂಡ ಕೈಕೊಟ್ಟಿತ್ತು. ಆಸ್ತಿಯ ವ್ಯಾಜ್ಯ ಎದ್ದಾಗ ರೇಮಂಡ್ ಫೌಲರ್ ಎಂಬ ಮನಶ್ಶಾಸ್ತ್ರಜ್ಞನನ್ನು ಕರೆಸಿದರು. ಅವನು ಕಾಗದ ಪತ್ರಗಳನ್ನೆಲ್ಲ ಜಾಲಾಡಿ, ಸತ್ತವನ ಮನಸ್ಸಿನ ಮರಣೋತ್ತರ ಪರೀಕ್ಷೆ ಮಾಡಿದ ಅನ್ನಿ. ತಾಯಿಯ ರೋಗಭಯದಿಂದ ಹಿಡಿದು ಕೊನೆಯ ಕತ್ತಲ ಕೋಣೆವರೆಗೆ ದಾರಿ ಕಂಡಿತು. ಕೊಡೀನ್ ಮದ್ದಿನ ಪಾಲೂ ಅದರಲ್ಲಿತ್ತು, ಅಪಘಾತಗಳಲ್ಲಿ ತಲೆಗೆ ಬಿದ್ದ ಪೆಟ್ಟುಗಳನ್ನೂ ಮರೆಯುವಂತಿಲ್ಲ. ಎಲ್ಲವನ್ನೂ ಗೀಳಿನ ತಲೆಗೇ ಕಟ್ಟುವುದು ತಪ್ಪು.

ಆದರೆ ನನಗೆ ಕಾಡುವ ಪ್ರಶ್ನೆ ಬೇರೆ. ಸುತ್ತಮುತ್ತ ಅಷ್ಟು ಜನ ಇದ್ದರಲ್ಲ? ಸೆಕ್ರೆಟರಿಗಳು, ಸೇವಕರು, ಸಂಬಳದ ಡಾಕ್ಟರುಗಳು! ಒಂಬತ್ತು ಹಂತದಲ್ಲಿ ಡಬ್ಬಿ ತೆರೆ ಅಂದರೆ ಒಂಬತ್ತು ಹಂತದಲ್ಲಿ ತೆರೆದರು. ನೋಡಬೇಡ ಅಂದರೆ ನೋಡಲಿಲ್ಲ. 'ಆಯ್ತು ಸಾರ್', 'ಆಯ್ತು ಸಾರ್'. ಗೀಳಿಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ. ಮೊದಲು ಒಂದು ಟಿಶ್ಯೂ ಕೇಳುತ್ತದೆ, ಕೊಟ್ಟರೆ ಆರು ಕೇಳುತ್ತದೆ. ಬಡವನಾಗಿದ್ದರೆ ಮನೆಯವರು ಜಗಳವಾದರೂ ಆಡುತ್ತಿದ್ದರೋ ಏನೋ.

ಅದೇ ಕಾಲಕ್ಕೆ, ಹ್ಯೂಸ್ ಹೋಟೆಲಿನಲ್ಲಿ ಅಡಗಿದ ಅದೇ 1966ರಲ್ಲಿ, ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ತದ್ವಿರುದ್ಧ ಕೆಲಸ ಮಾಡಿ ಪ್ರಕಟಿಸಿದ್ದ. ತೊಳೆಯುವ ಗೀಳಿದ್ದ ರೋಗಿಯ ಕೋಣೆಯ ಕೊಳಾಯಿಯನ್ನೇ ಬಂದ್ ಮಾಡಿಸಿದ! ಹೆದರುವ ವಸ್ತುವನ್ನು ಮುಟ್ಟು, ಆದರೆ ತೊಳೆಯಬೇಡ. ನರ್ಸ್ ಪಕ್ಕದಲ್ಲೇ ಇರುತ್ತಾಳೆ. ಎದೆ ಬಡಿತ ಏರುತ್ತದೆ, ಇನ್ನೇನು ಸತ್ತೇ ಹೋದೆ ಅನ್ನಿಸುತ್ತದೆ. ಸಾಯುವುದಿಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ ಆದ ಮೇಲೆ ಭಯ ತಾನಾಗಿ ಇಳಿಯುತ್ತದೆ, ಕೈ ತೊಳೆಯದೆಯೇ! ಮರುದಿನ ಮತ್ತೆ. ಮೂರನೇ ದಿನ ಏರುವುದೇ ಕಡಿಮೆ. ಇವತ್ತಿನ ಗೀಳು ಚಿಕಿತ್ಸೆಯ ಬೇರು ಇಲ್ಲಿದೆ. ಈಗ ಕೊಳಾಯಿ ಬಂದ್ ಮಾಡುವುದಿಲ್ಲ. ರೋಗಿಯ ಒಪ್ಪಿಗೆ ಪಡೆದು, ಸುಲಭದ್ದರಿಂದ ಕಷ್ಟದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತಾರೆ: 'ಬೀಗ ಹಾಕಿದೆಯಾ ಅಂತ ಹತ್ತನೇ ಸಲ ಕೇಳಿದರೆ ಹತ್ತನೇ ಸಲ ಉತ್ತರ ಕೊಡಬೇಡಿ. ಬೈಯಲೂ ಬೇಡಿ.'

ಮಾರ್ಟಿನ್ ಸ್ಕಾರ್ಸೆಸಿ 2004ರಲ್ಲಿ ಹ್ಯೂಸ್ ಕಥೆಯನ್ನೇ 'ದಿ ಏವಿಯೇಟರ್' ಅಂತ ತೆಗೆದ. ಲಿಯೊನಾರ್ಡೋ ಡಿಕ್ಯಾಪ್ರಿಯೋ ನಾಯಕ. ಒಂದು ದೃಶ್ಯ ಮರೆಯುವಂತಿಲ್ಲ. ಹ್ಯೂಸ್ ಹೋಟೆಲಿನ ಬಚ್ಚಲಲ್ಲಿ ಕೈ ತೊಳೆದು ಮುಗಿಸಿದ್ದಾನೆ. ಹೊರಗೆ ಹೋಗಬೇಕು, ಬಾಗಿಲ ಹಿಡಿ ಮುಟ್ಟಲಾರ. ಭೂಮಿಯನ್ನೇ ಸುತ್ತಿ ಬಂದ ವೀರ, ಯಾರಾದರೂ ಒಳಗೆ ಬಂದು ಬಾಗಿಲು ತೆರೆಯಲಿ ಅಂತ ಕಾಯುತ್ತಾ ನಿಂತಿದ್ದಾನೆ! ಡಿಕ್ಯಾಪ್ರಿಯೋಗೇ ಚಿಕ್ಕಂದಿನಲ್ಲಿ ಗೀಳಿನ ಲಕ್ಷಣಗಳಿದ್ದವಂತೆ. ರಸ್ತೆಯ ಬಿರುಕು ತುಳಿಯಬಾರದು ಇತ್ಯಾದಿ. ಈ ಪಾತ್ರಕ್ಕಾಗಿ ಜೆಫ್ರಿ ಷ್ವಾರ್ಟ್ಜ್ ಎಂಬ ಗೀಳುತಜ್ಞನ ಬಳಿ ಕೂತು ಪಾಠ ಹೇಳಿಸಿಕೊಂಡ. ಚಿತ್ರಕ್ಕೆ ಐದು ಆಸ್ಕರ್ ಬಂತು. ಪಾಪ, ಅವನಿಗೆ ಬರಲಿಲ್ಲ.

ಬಾಯಿ ಬಿಡಲಾರದ ಯೋಚನೆ

ಕೈ ತೊಳೆಯುವುದಾದರೆ ನಾಲ್ಕು ಜನಕ್ಕೆ ಕಾಣುತ್ತದೆ. ಕಾಣದ ಗೀಳು ಇನ್ನೊಂದಿದೆ. ಇದನ್ನು ಓದುತ್ತಿರುವ ಯಾವುದೋ ತಮ್ಮನಿಗೆ ಬೇಕಾದೀತು ಅಂತ ಬಿಡಿಸಿ ಹೇಳುತ್ತೇನೆ.

ದೇವರ ಗುಡಿಯಲ್ಲಿ ನಿಂತಾಗ ಅಸಹ್ಯ ಯೋಚನೆ ನುಗ್ಗುವುದು. ಈಳಿಗೆಮಣೆ, ಚಾಕು ಕಂಡಾಗ 'ಅಮ್ಮನಿಗೆ ಹಾಕಿಬಿಟ್ಟರೆ?' ಅನ್ನಿಸುವುದು. ಹೊರಗೆ ಹೇಳಲಾರದ ಕಾಮದ ಚಿತ್ರ ಕಣ್ಮುಂದೆ ಬರುವುದು. ಹುಡುಗ ನಡುಗುತ್ತಾನೆ. 'ನಾನು ರಾಕ್ಷಸ' ಅಂದುಕೊಳ್ಳುತ್ತಾನೆ. ಮನಸ್ಸಿನಲ್ಲೇ ನೂರೆಂಟು ಸಲ ಕ್ಷಮೆ ಕೇಳುತ್ತಾನೆ, ಜಪ ಮಾಡುತ್ತಾನೆ, ಅಡುಗೆಮನೆಗೆ ಹೋಗುವುದನ್ನೇ ಬಿಡುತ್ತಾನೆ. ಯಾರಿಗೆ ಹೇಳುವುದು? ಇದು ಆಸೆಯಲ್ಲ ಕಣಯ್ಯಾ, ಗೀಳು. ಆ ಯೋಚನೆ ಕಂಡರೆ ನಿನಗೇ ಅಸಹ್ಯ ಆಗುತ್ತದಲ್ಲ, ಅದೇ ಅದರ ಗುರುತು. ಡಾಕ್ಟರುಗಳು ಇಂಥದ್ದನ್ನು ದಿನಾ ಕೇಳುತ್ತಾರೆ, ಹುಬ್ಬೂ ಏರಿಸುವುದಿಲ್ಲ.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ನಿಮಗೆ ಗೊತ್ತು. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ಆದ ಸಂಸ್ಥೆ. ಅಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಮೊಬೈಲು, ಗೇಮುಗಳ ಚಟಕ್ಕೆ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ಕೂ ಅಲ್ಲೇ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕೆಂಬ ಪ್ರಯೋಗವನ್ನು ನಿಮ್ಹಾನ್ಸ್‌ನವರು 1985ರಲ್ಲಿ ಬಳ್ಳಾರಿಯಲ್ಲೇ ಶುರು ಮಾಡಿದ್ದು. ಮುಂದೆ ದೇಶಕ್ಕೆಲ್ಲ ಅದೇ ಮಾದರಿಯಾಯಿತು. ಬಸ್ ಚಾರ್ಜೂ ಬೇಡ ಅನ್ನುವವರಿಗೆ 14416 ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಫೋನು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

'ಅಲ್ಲಿಗೆ ಹೋದರೆ ಜನ ಏನಂತಾರೆ?' ಅನ್ನುವ ಭಯ ನಿಜವಾದದ್ದೇ, ಸುಳ್ಳಲ್ಲ. ಪುಟ್ಟಣ್ಣ ಕಣಗಾಲ್ 1971ರಲ್ಲಿ ತ್ರಿವೇಣಿಯವರ ಕಾದಂಬರಿಯಿಂದ 'ಶರಪಂಜರ' ತೆಗೆದಾಗ ತೋರಿಸಿದ್ದು ಅದನ್ನೇ. ಕಲ್ಪನಾ ಅಭಿನಯಿಸಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಗುಣವಾಗದೆ ಉಳಿದದ್ದು ಮನೆ. ಅವಳು ಏನು ಮಾಡಿದರೂ ಹುಚ್ಚಿನ ಕಣ್ಣಿನಿಂದಲೇ ನೋಡುವ ಗಂಡ, ನೆರೆಹೊರೆ. ಆ ಚಿತ್ರ ನೋಡಿ ಅತ್ತ ಊರಿನಲ್ಲೇ ಇವತ್ತಿಗೂ ನಿಮ್ಹಾನ್ಸ್ ಚೀಟಿಯನ್ನು ಮಡಚಿ ಜೇಬಿನ ತಳದಲ್ಲಿ ಬಚ್ಚಿಡುತ್ತಾರೆ.

ಕೊನೆಗೆ ಮಾತ್ರೆಯ ಒಂದು ಮಾತು. ಗೀಳಿಗೆ ಕೊಡುವ ಮಾತ್ರೆಗಳಿವೆ, ಎಷ್ಟೋ ಜನಕ್ಕೆ ಚೆನ್ನಾಗಿ ಹಿಡಿಸುತ್ತವೆ. ಆದರೆ ಜ್ವರದ ಮಾತ್ರೆಯ ಹಾಗೆ ರಾತ್ರಿ ನುಂಗಿದರೆ ಬೆಳಿಗ್ಗೆ ಇಳಿಯುವಂಥವಲ್ಲ. ಪೂರ್ತಿ ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಹಿಡಿಯಬಹುದು. ಎರಡೇ ವಾರಕ್ಕೆ 'ಇದೇನೂ ಕೆಲಸ ಮಾಡ್ತಿಲ್ಲ' ಅಂತ ಡಬ್ಬಿ ಎಸೆಯುವವರಿದ್ದಾರೆ. ಡಾಕ್ಟರರನ್ನು ಮತ್ತೊಮ್ಮೆ ನೋಡದೆ ನಿಲ್ಲಿಸಬೇಡಿ.